ಹದದ ವಿದ್ಯೆ: ಎಂಜಿನಿಯರಿಂಗ್ ಶಾಖೆಗಳ ನಡುವೆ ವಸ್ತುವಿಜ್ಞಾನದ ಸ್ಥಾನ

ಎಂಜಿನಿಯರಿಂಗ್ ಶಾಖೆಗಳನ್ನು ಜನ ಗುರುತಿಸುವುದು ಅವು ಮಾಡಿ ನಿಲ್ಲಿಸುವ ಕೃತಿಗಳಿಂದ. ಸೇತುವೆ, ಅಣೆಕಟ್ಟು ಎಂದರೆ ಸಿವಿಲ್. ಎಂಜಿನು, ಗಿಯರು ಎಂದರೆ ಮೆಕ್ಯಾನಿಕಲ್. ಟ್ರಾನ್ಸ್‌ಫಾರ್ಮರು, ವಿದ್ಯುತ್ ಜಾಲ ಎಂದರೆ ಎಲೆಕ್ಟ್ರಿಕಲ್. ಈ ಲೆಕ್ಕಕ್ಕೆ ಹೋದರೆ ವಸ್ತುವಿಜ್ಞಾನಕ್ಕೆ ತನ್ನದೆಂದು ಬೆರಳಿಟ್ಟು ತೋರಿಸಲು ಏನೂ ಉಳಿಯುವುದಿಲ್ಲ. ಸೇತುವೆಯ ಉಕ್ಕು, ಎಂಜಿನಿನ ಮಿಶ್ರಲೋಹ, ಟ್ರಾನ್ಸ್‌ಫಾರ್ಮರಿನ ಒಳಗಿನ ತಗಡು ಎಲ್ಲವೂ ಅದರ ಕೈ ದಾಟಿಯೇ ಬಂದಿರುತ್ತವೆ. ಹೆಸರು ಮಾತ್ರ ಬೇರೆಯವರದು. ಕಾಲೇಜುಗಳಲ್ಲೂ ಇದೇ ಕಥೆ. ಮೆಕ್ಯಾನಿಕಲ್ ವಿದ್ಯಾರ್ಥಿಗೆ ಇದು ಒಂದು ಸೆಮಿಸ್ಟರಿನಲ್ಲಿ ಓದಿ ಕೈತೊಳೆದುಕೊಳ್ಳುವ ‘ಮೆಟೀರಿಯಲ್ ಸೈನ್ಸ್’ ಪೇಪರು. ಗೇಟ್ ಪರೀಕ್ಷೆಯಲ್ಲಿ ಮೆಟಲರ್ಜಿಗೆ ಸ್ವತಂತ್ರ ಪತ್ರಿಕೆ ಇದೆ; ಮೆಟೀರಿಯಲ್ಸ್ ಸೈನ್ಸ್ ಮಾತ್ರ ‘ಎಂಜಿನಿಯರಿಂಗ್ ಸೈನ್ಸಸ್’ ಎಂಬ ಪತ್ರಿಕೆಯೊಳಗೆ ಬೇಕಾದವರು ಆರಿಸಿಕೊಳ್ಳುವ ಒಂದು ಭಾಗ. ಇದು ಭೌತವಿಜ್ಞಾನದ ಅನ್ವಯವೇ, ರಸಾಯನವಿಜ್ಞಾನದ ಮುಂದುವರಿಕೆಯೇ, ಹಳೆಯ ಲೋಹಶಾಸ್ತ್ರಕ್ಕೆ ಇಟ್ಟ ಹೊಸ ಹೆಸರೇ ಅಥವಾ ನಿಜವಾಗಿ ಒಂದು ಸ್ವತಂತ್ರ ಶಾಖೆಯೇ ಎಂಬ ಪ್ರಶ್ನೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ಇದೆ. ಒಂದು ವಸ್ತುವನ್ನು ತಯಾರಿಸಿದ ರೀತಿಗೂ ಅದು ಕೆಲಸದಲ್ಲಿ ನಡೆದುಕೊಳ್ಳುವ ರೀತಿಗೂ ಇರುವ ನಂಟನ್ನು ಅರಿಯುವುದೇ ಈ ವಿದ್ಯೆಯ ತಿರುಳು, ಆ ನಂಟನ್ನು ಉಳಿದ ಯಾವ ಶಾಖೆಯೂ ಪೂರ್ತಿಯಾಗಿ ತನ್ನದೆಂದು ಹೊತ್ತುಕೊಂಡಿಲ್ಲ, ಆದ್ದರಿಂದ ಅದಕ್ಕೆ ಸ್ವತಂತ್ರ ಸ್ಥಾನ ಬೇಕು ಎಂಬುದು ಈ ಲೇಖನದ ವಾದ. ಇದನ್ನು ಮರೆತ ದೇಶ ಎಲ್ಲಿ ಎಡವುತ್ತದೆ ಎಂಬುದಕ್ಕೆ ನಮ್ಮಲ್ಲೇ ಸಾಕ್ಷ್ಯವಿದೆ.

ಮೊದಲು ಆ ನಂಟು ಎಂಥದೆಂದು ಹತ್ತಿರದಿಂದ ನೋಡಬೇಕು. ಶೇ. 0.8ರಷ್ಟು ಇಂಗಾಲವಿರುವ ಉಕ್ಕಿನ ಒಂದು ತುಂಡು ಇದೆ ಎಂದಿಟ್ಟುಕೊಳ್ಳೋಣ. ಅದನ್ನು 800 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಕೆಂಪಗೆ ಕಾಯಿಸಿ ಕುಲುಮೆಯಲ್ಲೇ ಮೆಲ್ಲಗೆ ಆರಲು ಬಿಟ್ಟರೆ, ಮೆದು ಕಬ್ಬಿಣವೂ ಗಡಸು ಕಾರ್ಬೈಡೂ ಪದರ ಪದರವಾಗಿ ಕೂಡಿಕೊಂಡ ರಚನೆ ಮೂಡುತ್ತದೆ. ಇದರ ಹೆಸರು ಪರ್ಲೈಟ್. ಇದನ್ನು ಅರದಿಂದ ಉಜ್ಜಬಹುದು, ಲೇತಿಗೆ ಕೊಟ್ಟು ಕಡೆಯಬಹುದು. ಅದೇ ತುಂಡನ್ನು ಅದೇ ಕಾವಿನಲ್ಲಿ ನೀರಿಗೆ ಅದ್ದಿದರೆ ಇಂಗಾಲದ ಪರಮಾಣುಗಳು ಬೇರ್ಪಡಲು ಹೊತ್ತು ಸಾಲದೆ ಕಬ್ಬಿಣದ ಜಾಲಕದೊಳಗೇ ಸಿಕ್ಕಿಬೀಳುತ್ತವೆ. ಆಗ ಹುಟ್ಟುವ ಮಾರ್ಟೆನ್ಸೈಟಿನ ಮೇಲೆ ಅರ ಜಾರುತ್ತದೆ. ಆದರೆ ಸುತ್ತಿಗೆಯ ಒಂದು ಪೆಟ್ಟಿಗೆ ತುಂಡು ಒಡೆದರೂ ಒಡೆಯಿತು. ಮತ್ತೆ 200ರಿಂದ 600 ಡಿಗ್ರಿಯ ನಡುವೆ ಸ್ವಲ್ಪ ಕಾಲ ಕಾಯಿಸಿದರೆ ಗಡಸುತನವನ್ನು ಅಷ್ಟಿಷ್ಟು ಬಿಟ್ಟುಕೊಟ್ಟು ತಾಳಿಕೆಯನ್ನು ಪಡೆಯುತ್ತದೆ. ಒಂದೇ ಕಬ್ಬಿನ ಹಾಲು ಪಾಕ ಇಳಿಸುವ ಹೊತ್ತನ್ನು ನೋಡಿಕೊಂಡು ಜೋನಿಬೆಲ್ಲವೂ ಆಗುತ್ತದೆ, ಅಚ್ಚುಬೆಲ್ಲವೂ ಆಗುತ್ತದೆ. ಇಲ್ಲಿಯೂ ಹಾಗೆಯೇ, ರಾಸಾಯನಿಕ ವಿಶ್ಲೇಷಣೆಗೆ ಕೊಟ್ಟರೆ ಮೂರೂ ತುಂಡುಗಳಿಗೆ ಒಂದೇ ಉತ್ತರ ಬರುತ್ತದೆ. ಸಾಂದ್ರತೆ, ಕರಗುವ ಬಿಂದು, ಸ್ಥಿತಿಸ್ಥಾಪಕತೆಯಂಥ ಕೆಲವು ಗುಣಗಳನ್ನು ಹೆಚ್ಚುಕಡಿಮೆ ಪರಮಾಣುಗಳೇ ತೀರ್ಮಾನಿಸುತ್ತವೆ. ಬಲ, ತಾಳಿಕೆ, ಬಿರುಕು ತಡೆಯುವ ಶಕ್ತಿ, ಕಾಂತಗುಣ, ಅರೆವಾಹಕದ ವಾಹಕತೆ ಇವೆಲ್ಲ ಆ ಪರಮಾಣುಗಳು ಯಾವ ಜೋಡಣೆಯಲ್ಲಿ, ಎಷ್ಟು ದೊಡ್ಡ ಕಣಗಳಲ್ಲಿ, ಎಂಥ ದೋಷಗಳೊಡನೆ ಕುಳಿತಿವೆ ಎಂಬುದನ್ನು ಅವಲಂಬಿಸುತ್ತವೆ. ಎಂಜಿನಿಯರಿಗೆ ಬೇಕಾದ ಗುಣಗಳಲ್ಲಿ ಹೆಚ್ಚಿನವು ಈ ಎರಡನೆಯ ಗುಂಪಿನವು.

ದೋಷಗಳ ಪಾತ್ರ ಎಷ್ಟು ದೊಡ್ಡದು ಎಂಬುದು ತಿಳಿದದ್ದು ಇಪ್ಪತ್ತನೆಯ ಶತಮಾನದಲ್ಲಿ. 1926ರಲ್ಲಿ ಸೋವಿಯತ್ ಭೌತವಿಜ್ಞಾನಿ ಯಾಕೋವ್ ಫ್ರೆಂಕೆಲ್ ಒಂದು ಪರಿಪೂರ್ಣ ಹರಳಿನಲ್ಲಿ ಪರಮಾಣುಗಳ ಒಂದು ತಲವನ್ನು ಇನ್ನೊಂದರ ಮೇಲೆ ಜಾರಿಸಲು ಎಷ್ಟು ಒತ್ತಡ ಬೇಕೆಂದು ಲೆಕ್ಕ ಹಾಕಿದರು. ನಿಜವಾದ ಲೋಹದ ಹರಳುಗಳು ಆ ಲೆಕ್ಕದ ಸಾವಿರದಲ್ಲೊಂದು ಪಾಲಿಗೂ ಬಾಗುತ್ತಿದ್ದವು. ಲೆಕ್ಕ ಸರಿಯಾಗಿಯೇ ಇತ್ತು, ಹರಳು ಪರಿಪೂರ್ಣವಾಗಿರಲಿಲ್ಲ. 1934ರಲ್ಲಿ ಜೆಫ್ರಿ ಟೇಲರ್, ಇಗಾನ್ ಓರೊವನ್, ಮೈಕೇಲ್ ಪೊಲಾನಿ ಮೂವರೂ ಬೇರೆ ಬೇರೆಯಾಗಿ ಒಂದೇ ಉತ್ತರಕ್ಕೆ ಬಂದರು: ಹರಳಿನೊಳಗೆ ಜೋಡಣೆ ತಪ್ಪಿದ ರೇಖೆಗಳಿವೆ, ಇಡೀ ತಲ ಒಮ್ಮೆಲೇ ಜಾರದೆ ಆ ರೇಖೆ ಒಂದೊಂದೇ ಸಾಲನ್ನು ದಾಟುತ್ತ ಸಾಗುತ್ತದೆ. ಈ ಡಿಸ್‌ಲೊಕೇಶನ್‌ಗಳು ಚಲಿಸುವುದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ಕಂಡದ್ದು 1956ರಲ್ಲಿ, ಕೇಂಬ್ರಿಜ್‌ನಲ್ಲಿ. ಅಲ್ಲಿಂದಾಚೆಗೆ ಲೋಹವನ್ನು ಬಲಪಡಿಸುವುದು ಎಂಬುದರ ಅರ್ಥ ಸ್ಪಷ್ಟವಾಯಿತು. ಆ ರೇಖೆಗಳ ದಾರಿಗೆ ಅಡ್ಡಿ ಒಡ್ಡುವುದು. ವಿಶೇಷವೆಂದರೆ ಅಡ್ಡಿ ಒಡ್ಡುವ ಕೆಲಸ ಸಿದ್ಧಾಂತಕ್ಕೆ ಕಾದು ಕುಳಿತಿರಲಿಲ್ಲ. ಜರ್ಮನಿಯ ಆಲ್ಫ್ರೆಡ್ ವಿಲ್ಮ್ 1906ರ ಹೊತ್ತಿಗೇ ತಾಮ್ರ ಮತ್ತು ಮೆಗ್ನೀಸಿಯಂ ಬೆರೆತ ಅಲ್ಯೂಮಿನಿಯಂ ಅನ್ನು ಕಾಯಿಸಿ ತಣಿಸಿ ಹಾಗೇ ಇಟ್ಟರೆ ಕೆಲವು ದಿನಗಳಲ್ಲಿ ಅದು ತಾನಾಗಿ ಗಟ್ಟಿಯಾಗುವುದನ್ನು ಗಮನಿಸಿದ್ದರು. ಅದೇ ಡ್ಯುರಾಲ್ಯುಮಿನ್, ವಿಮಾನಗಳ ಮೈ ಅದರಿಂದಲೇ ಆಯಿತು. ಲೋಹದೊಳಗೆ ತಾಮ್ರದ ಪರಮಾಣುಗಳು ಅತಿ ಸಣ್ಣ ಗುಂಪುಗಳಾಗಿ ಸೇರುವುದೇ ಇದಕ್ಕೆ ಕಾರಣ ಎಂದು ಎಕ್ಸ್-ಕಿರಣಗಳ ಮೂಲಕ ಗಿನಿಯೇ ಮತ್ತು ಪ್ರೆಸ್ಟನ್ ತೋರಿಸಿದ್ದು 1938ರಲ್ಲಿ. ಕೈ ಮೊದಲು ಕಂಡುಕೊಂಡದ್ದನ್ನು ಬುದ್ಧಿ ಮೂರು ದಶಕಗಳ ನಂತರ ವಿವರಿಸಿತು. ಈ ವಿದ್ಯೆಯ ಸ್ವಭಾವವೇ ಹೀಗೆ: ಇದರಲ್ಲಿ ಕುಲುಮೆ ಮತ್ತು ಸಿದ್ಧಾಂತ ಒಂದನ್ನೊಂದು ಬಿಟ್ಟು ಬಹಳ ದೂರ ಹೋಗಲಾರವು.

ಇದೆಲ್ಲ ಲೋಹಶಾಸ್ತ್ರದ ಮಾತಾಯಿತು. ವಸ್ತುವಿಜ್ಞಾನ ಎಂಬ ಹೆಸರಿನಲ್ಲಿ ಒಂದು ಶಾಖೆ ಎದ್ದು ನಿಂತದ್ದು ಎರಡನೆಯ ಮಹಾಯುದ್ಧದ ನಂತರ, ಅದಕ್ಕೆ ಎರಡು ಒತ್ತಡಗಳಿದ್ದವು. ಮೊದಲನೆಯದು ಟ್ರಾನ್ಸಿಸ್ಟರ್. 1947ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಅದು ಹುಟ್ಟಿದಾಗ ಅದರ ಹಿಂದಿನ ಭೌತವಿಜ್ಞಾನ ತಿಳಿದಿತ್ತು, ಆದರೆ ನಂಬಿ ತಯಾರಿಸುವಷ್ಟು ಶುದ್ಧವಾದ ಜರ್ಮೇನಿಯಂ ಇರಲಿಲ್ಲ. ಅದೇ ಪ್ರಯೋಗಾಲಯದ ವಿಲಿಯಂ ಫಾನ್ ಉದ್ದನೆಯ ಸರಳಿನ ಒಂದು ಕಿರಿದಾದ ಭಾಗವನ್ನು ಮಾತ್ರ ಕರಗಿಸಿ, ಆ ಕರಗಿದ ಪಟ್ಟಿಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಮತ್ತೆ ಮತ್ತೆ ಸಾಗಿಸುವ ವಿಧಾನವನ್ನು 1950ರ ದಶಕದ ಆರಂಭದಲ್ಲಿ ರೂಪಿಸಿದರು. ಕಲ್ಮಶಗಳು ಕರಗಿದ ಭಾಗದೊಡನೆ ಹೊರಟು ತುದಿಗೆ ಬಂದು ಸೇರುತ್ತವೆ. ಕೊನೆಗೆ ಸಾವಿರ ಕೋಟಿ ಪರಮಾಣುಗಳಲ್ಲಿ ಒಂದು ಮಾತ್ರ ಅನ್ಯ ಎನ್ನುವ ಮಟ್ಟದ ಶುದ್ಧಿ ದಕ್ಕಿತು. ಎರಡನೆಯ ಒತ್ತಡ ಬಾಹ್ಯಾಕಾಶದ್ದು. 1957ರ ಸ್ಪುಟ್ನಿಕ್ ಬಳಿಕ ಬೆಚ್ಚಿದ ಅಮೆರಿಕ, ರಾಕೆಟ್ಟು ಮತ್ತು ರಿಯಾಕ್ಟರುಗಳ ಮುನ್ನಡೆಗೆ ವಸ್ತುಗಳೇ ತೊಡಕಾಗಿವೆ ಎಂದು ಕಂಡುಕೊಂಡಿತು. 1960ರಲ್ಲಿ ಅಲ್ಲಿನ ರಕ್ಷಣಾ ಇಲಾಖೆಯ ಆರ್ಪಾ ಸಂಸ್ಥೆ ಕಾರ್ನೆಲ್, ಪೆನ್ಸಿಲ್ವೇನಿಯಾ, ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯಗಳಲ್ಲಿ ಹಲವು ವಿಭಾಗಗಳ ಜನ ಒಂದೇ ಸೂರಿನಡಿ ದುಡಿಯುವ ಪ್ರಯೋಗಾಲಯಗಳಿಗೆ ಹಣ ಕೊಟ್ಟಿತು. ಲೋಹ, ಸೆರಾಮಿಕ್, ಪಾಲಿಮರ್, ಅರೆವಾಹಕ ಎಂದು ಬೇರೆ ಬೇರೆ ಬೀಡುಗಳಲ್ಲಿದ್ದವರು ಒಂದೇ ಭಾಷೆಯಲ್ಲಿ ಮಾತಾಡಲು ಕಲಿತದ್ದು ಅಲ್ಲಿ. ಸಂಸ್ಕರಣೆ, ರಚನೆ, ಗುಣ, ಕಾರ್ಯಕ್ಷಮತೆ ಎಂಬ ನಾಲ್ಕು ಮೂಲೆಗಳ ಚಿತ್ರವನ್ನು ಇಂದು ಈ ವಿಷಯದ ಪಠ್ಯಪುಸ್ತಕಗಳ ಮೊದಲ ಪುಟಗಳಲ್ಲೇ ಕಾಣಬಹುದು. ಅದು ಆ ಕೂಡುಬಾಳಿನ ಫಲ.

ಒಂದು ವಿದ್ಯೆಗೆ ಸ್ವತಂತ್ರ ಸ್ಥಾನ ಬೇಕೆ ಎಂಬುದನ್ನು ಅದರ ಚರಿತ್ರೆಗಿಂತ ಹೆಚ್ಚು ಚೆನ್ನಾಗಿ ಹೇಳುವುದು ಅದು ಇಲ್ಲದಿದ್ದಾಗ ಆದ ಅನಾಹುತ. 1943ರ ಜನವರಿ 16ರ ರಾತ್ರಿ ಅಮೆರಿಕದ ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿನಲ್ಲಿ ಷೆನೆಕ್ಟಡಿ ಎಂಬ ಹೊಚ್ಚ ಹೊಸ ತೈಲವಾಹಕ ಹಡಗು ಸಮುದ್ರ ಪರೀಕ್ಷೆ ಮುಗಿಸಿ ಧಕ್ಕೆಯಲ್ಲಿ ನಿಂತಿತ್ತು. ಅಲೆಯಿಲ್ಲ, ಗಾಳಿಯಿಲ್ಲ, ಒಳಗೆ ಸರಕಿಲ್ಲ. ಚಳಿ ಮಾತ್ರ ಇತ್ತು. ಏಕಾಏಕಿ ಭಾರೀ ಸದ್ದಿನೊಡನೆ ಅದರ ಅಟ್ಟ ಮತ್ತು ಎರಡೂ ಪಕ್ಕಗಳು ನಡುಮಧ್ಯೆ ಸೀಳಿ, ತಳದ ತಗಡೊಂದೇ ಹಿಡಿದುಕೊಂಡು, ಹಡಗು ನಡುಮುರಿದು ಕೂತಿತು. ಯುದ್ಧಕಾಲದಲ್ಲಿ ತರಾತುರಿಯಿಂದ ಕಟ್ಟಿದ ಸುಮಾರು 2,700 ಲಿಬರ್ಟಿ ಹಡಗುಗಳಲ್ಲೂ ಇಂಥ ಬಿರುಕುಗಳು ಮತ್ತೆ ಮತ್ತೆ ಕಾಣಿಸಿಕೊಂಡವು. ಬಲದ ಲೆಕ್ಕ ತಪ್ಪಿರಲಿಲ್ಲ. ಉಕ್ಕು ಎಳೆತದ ಪರೀಕ್ಷೆಯಲ್ಲಿ ಪಾಸಾಗಿತ್ತು. ಬೆಸುಗೆಯವರ ಕೆಲಸ ಕೆಟ್ಟದ್ದೆಂದು ಮೊದಲು ಬೆರಳು ತೋರಿಸಲಾಯಿತು. ಬೆಸುಗೆಯಲ್ಲೂ ಮೂಲೆಗಳ ವಿನ್ಯಾಸದಲ್ಲೂ ಕೊರತೆಗಳಿದ್ದದ್ದು ನಿಜ. ಆದರೆ ಕೇಂಬ್ರಿಜ್‌ನ ಲೋಹಶಾಸ್ತ್ರಜ್ಞೆ ಕಾನ್‌ಸ್ಟನ್ಸ್ ಟಿಪರ್ ತೋರಿಸಿದ ಸಂಗತಿ ಇನ್ನೂ ಆಳದ್ದು: ಆ ಉಕ್ಕೇ ಒಂದು ನಿರ್ದಿಷ್ಟ ಉಷ್ಣಾಂಶದ ಕೆಳಗೆ ಬಾಗುವ ಗುಣ ಬಿಟ್ಟು ಒಡೆಯುವ ಗುಣಕ್ಕೆ ತಿರುಗುತ್ತಿತ್ತು, ಸಾಗರದ ಚಳಿ ಆ ಗಡಿಯ ಕೆಳಗಿತ್ತು. ರಿವೆಟ್ ಹೊಡೆದ ಹಳೆಯ ಹಡಗಿನಲ್ಲಿ ಬಿರುಕು ಒಂದು ತಗಡಿನ ಅಂಚಿಗೆ ಬಂದು ನಿಲ್ಲುತ್ತಿತ್ತು. ಬೆಸುಗೆ ಹಾಕಿದ ಒಡಲಿನಲ್ಲಿ ಅದಕ್ಕೆ ತಡೆಯೇ ಇರಲಿಲ್ಲ. ವಿನ್ಯಾಸಕಾರ ತನಗೆ ಕೊಟ್ಟ ಬಲದ ಅಂಕಿಯನ್ನು ನಂಬಿದ, ಉಕ್ಕಿನವನು ತನಗೆ ಕೇಳಿದ ಅಂಕಿಯನ್ನು ಕೊಟ್ಟ, ಕಟ್ಟುವವನು ವೇಗವನ್ನು ನೋಡಿದ. ಪ್ರತಿಯೊಬ್ಬನೂ ತನ್ನ ಕೆಲಸವನ್ನು ತನ್ನ ಶಾಖೆಯ ನಿಯಮದಂತೆ ಮಾಡಿದ್ದ. ಈ ತಯಾರಿಕೆಯ ಈ ಉಕ್ಕು, ಈ ಜೋಡಣೆಯಲ್ಲಿ, ಈ ಚಳಿಯಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂದು ಕೇಳುವುದು ಮಾತ್ರ ಯಾರ ಹೊಣೆಯೂ ಆಗಿರಲಿಲ್ಲ.

ಗೆಲುವಿನ ಕಡೆಯಿಂದ ನೋಡಿದರೂ ಇದೇ ಮಾತು ಸಿದ್ಧವಾಗುತ್ತದೆ. 1966ರಲ್ಲಿ ಇಂಗ್ಲೆಂಡಿನಲ್ಲಿ ದುಡಿಯುತ್ತಿದ್ದ ಚಾರ್ಲ್ಸ್ ಕಾವೊ, ಗಾಜಿನ ಎಳೆಯ ಮೂಲಕ ಬೆಳಕಿನಲ್ಲಿ ಸಂದೇಶ ಕಳುಹಿಸಬಹುದು ಎಂದು ಜಾರ್ಜ್ ಹಾಕ್‌ಹ್ಯಾಮ್ ಜೊತೆ ಬರೆದ ಲೇಖನದಲ್ಲಿ ವಾದಿಸಿದರು. ಆಗಿನ ಒಳ್ಳೆಯ ಗಾಜಿನಲ್ಲೂ ಬೆಳಕಿನ ನಷ್ಟ ಕಿಲೋಮೀಟರಿಗೆ 1,000 ಡೆಸಿಬಲ್‌ನಷ್ಟಿತ್ತು. ಅಂದರೆ ಇಪ್ಪತ್ತು ಮೀಟರ್ ಹೋಗುವಷ್ಟರಲ್ಲಿ ನೂರರಲ್ಲಿ ಒಂದು ಪಾಲು ಮಾತ್ರ ಉಳಿಯುತ್ತಿತ್ತು. ಈ ನಷ್ಟ ಗಾಜಿನ ಹುಟ್ಟುಗುಣವಲ್ಲ, ಅದರೊಳಗಿನ ಕಬ್ಬಿಣದಂಥ ಕಲ್ಮಶಗಳದ್ದು, ಅದನ್ನು 20 ಡೆಸಿಬಲ್‌ಗೆ ಇಳಿಸಲು ಸಾಧ್ಯ ಎಂಬುದು ಕಾವೊ ಅವರ ಒಳನೋಟ. 1970ರಲ್ಲಿ ಅಮೆರಿಕದ ಕಾರ್ನಿಂಗ್ ಗಾಜಿನ ಕಂಪನಿಯ ಮೌರರ್, ಕೆಕ್, ಶುಲ್ಟ್ಸ್ ಗಾಜನ್ನು ಕರಗಿಸಿ ಶುದ್ಧ ಮಾಡುವ ಹಾದಿಯನ್ನೇ ಬಿಟ್ಟು, ಆವಿಯಿಂದ ಅತಿಶುದ್ಧ ಸಿಲಿಕಾವನ್ನು ಕೂರಿಸುವ ವಿಧಾನ ಹಿಡಿದು 17 ಡೆಸಿಬಲ್ ತಲುಪಿದರು. ನೂರರಲ್ಲಿ ಒಂದು ಪಾಲು ಬೆಳಕು ಉಳಿಯುವ ದೂರ ಇಪ್ಪತ್ತು ಮೀಟರಿನಿಂದ ಒಂದು ಕಿಲೋಮೀಟರ್ ದಾಟಿತು. ಇಂದಿನ ಎಳೆಗಳಲ್ಲಿ ಅದು ಸುಮಾರು ನೂರು ಕಿಲೋಮೀಟರ್. ಬೆಂಗಳೂರಿನ ಕಂಪ್ಯೂಟರ್ ವ್ಯವಹಾರವೆಲ್ಲ ಸಾಗರದಾಚೆಗೆ ಹರಿಯುವುದು ಇಂಥ ಎಳೆಗಳಲ್ಲೇ. ಕಾವೊ ಅವರಿಗೆ 2009ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು, ಲೋಕ ಇದನ್ನು ಸಂವಹನ ಕ್ರಾಂತಿ ಎಂದು ಕರೆಯಿತು. ಕ್ರಾಂತಿಯ ಕೀಲಿ ಇದ್ದದ್ದು ಮಾತ್ರ ಗಾಜು ಮಾಡುವ ಹದದಲ್ಲಿ.

ಇಷ್ಟಾದ ಮೇಲೆ ಆಕ್ಷೇಪಣೆಗಳಿಗೆ ಬರೋಣ. ಮೊದಲನೆಯದು ಭೌತವಿಜ್ಞಾನಿಗಳ ಕಡೆಯಿಂದ ಬರುತ್ತದೆ: ಇದರಲ್ಲಿ ನಿಮ್ಮದೇ ಆದ ನಿಯಮ ಯಾವುದಿದೆ? ಎಲ್ಲವೂ ಕ್ವಾಂಟಂ ಸಿದ್ಧಾಂತ ಮತ್ತು ಉಷ್ಣಗತಿವಿಜ್ಞಾನ ತಾನೆ? ಮೂಲ ನಿಯಮಗಳು ಅಲ್ಲಿಂದಲೇ ಬಂದವು ಎಂಬುದನ್ನು ಒಪ್ಪಲೇಬೇಕು. ಆದರೆ ಆ ನಿಯಮಗಳು ಹೆಚ್ಚಿನಂಶ ವಸ್ತು ಸಮತೋಲಕ್ಕೆ ಬಂದಾಗ ಎಲ್ಲಿ ನೆಲೆಸುತ್ತದೆ ಎಂದು ಹೇಳುತ್ತವೆ. ಎಂಜಿನಿಯರಿಂಗ್‌ನ ಅನೇಕ ಮುಖ್ಯ ವಸ್ತುಗಳು ಸಮತೋಲಕ್ಕೆ ಬಾರದೆ ನಡುದಾರಿಯಲ್ಲಿ ನಿಂತವು. ಮಾರ್ಟೆನ್ಸೈಟ್ ಹಾಗೆ ನಿಂತದ್ದು, ಕಿಟಕಿಯ ಗಾಜು ಹಾಗೆ ನಿಂತದ್ದು, ಡ್ಯುರಾಲ್ಯುಮಿನ್ ಹಾಗೆ ನಿಂತದ್ದು. ನಡುದಾರಿಯಲ್ಲಿ ಎಲ್ಲಿ ನಿಂತಿದೆ ಎಂದು ತಿಳಿಯಲು ಅದು ನಡೆದುಬಂದ ದಾರಿಯ ಚರಿತ್ರೆ ಬೇಕು, ಪರಮಾಣುಗಳ ಪಟ್ಟಿ ಸಾಲದು. ಸಮೂಹದ ಮಟ್ಟದಲ್ಲಿ ಹೊಸ ನಿಯಮಗಳು ಹುಟ್ಟುತ್ತವೆ, ಅವನ್ನು ಕೆಳಗಿನ ಮಟ್ಟದಿಂದ ಸುಮ್ಮನೆ ಹಿಂಜಿ ತೆಗೆಯಲಾಗದು ಎಂದು 1972ರಲ್ಲಿ ವಾದಿಸಿದವರು ಫಿಲಿಪ್ ಆಂಡರ್ಸನ್ ಎಂಬ ಭೌತವಿಜ್ಞಾನಿಯೇ. ರಸಾಯನವಿಜ್ಞಾನ ಭೌತವಿಜ್ಞಾನಕ್ಕೆ ಋಣಿಯಾಗಿದ್ದೂ ಹೇಗೆ ಸ್ವತಂತ್ರವೋ, ಇದೂ ಹಾಗೆಯೇ.

ಎರಡನೆಯ ಆಕ್ಷೇಪಣೆ ಎಂಜಿನಿಯರುಗಳದ್ದು, ಹೆಚ್ಚು ತೂಕದ್ದು. ಕಾಂಕ್ರೀಟಿನ ಬಗ್ಗೆ ಸಿವಿಲ್ ಎಂಜಿನಿಯರಿಗಿಂತ ಚೆನ್ನಾಗಿ ಯಾರು ಬಲ್ಲರು? ಸಿಲಿಕಾನ್ ಬಗ್ಗೆ ಎಲೆಕ್ಟ್ರಾನಿಕ್ಸ್‌ನವರಿಗೆ ಪಾಠ ಬೇಕೆ? ಪ್ರತಿ ಶಾಖೆಯೂ ತನ್ನ ವಸ್ತುವನ್ನು ತಾನೇ ನೋಡಿಕೊಂಡರೆ ಸಾಕಲ್ಲವೆ? ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಬಳಕೆಯ ಸೂಕ್ಷ್ಮಗಳು ಬಳಸುವವರ ಬಳಿಯೇ ಇರುತ್ತವೆ, ಕಾಂಕ್ರೀಟಿನ ಬಹುಪಾಲು ಜ್ಞಾನ ಸಿವಿಲ್ ವಿಭಾಗಗಳಲ್ಲೇ ಬೆಳೆದದ್ದು. ಆದರೆ ಈ ಕ್ಷೇತ್ರದ ದೊಡ್ಡ ಹೆಜ್ಜೆಗಳಲ್ಲಿ ಹಲವು ಒಂದು ವಸ್ತುವಿನಿಂದ ಇನ್ನೊಂದಕ್ಕೆ ದಾಟಿಬಂದ ವಿಚಾರಗಳ ಫಲ. ಬಿರುಕು ಯಾವಾಗ ಓಡತೊಡಗುತ್ತದೆ ಎಂಬ ಸಿದ್ಧಾಂತವನ್ನು ಎ. ಎ. ಗ್ರಿಫಿತ್ 1920ರ ಸುಮಾರಿಗೆ ರೂಪಿಸಿದ್ದು ಗಾಜಿನ ಮೇಲೆ. ಅದನ್ನು ಲೋಹಕ್ಕೆ ಒಗ್ಗಿಸಿ ಹಡಗು, ವಿಮಾನಗಳ ಮುರಿತವನ್ನು ಲೆಕ್ಕಕ್ಕೆ ತಂದವರು ಅಮೆರಿಕದ ನೌಕಾ ಸಂಶೋಧನಾಲಯದ ಜಾರ್ಜ್ ಇರ್ವಿನ್. ಉಕ್ಕಿನಲ್ಲಿ ಕಂಡ ಮಾರ್ಟೆನ್ಸೈಟ್ ಬಗೆಯ ರೂಪಾಂತರ ಜಿರ್ಕೋನಿಯಾ ಎಂಬ ಸೆರಾಮಿಕ್‌ನಲ್ಲೂ ನಡೆಯುತ್ತದೆ, ಅದು ಬಿರುಕಿನ ತುದಿಯನ್ನೇ ಅದುಮಿ ನಿಲ್ಲಿಸುತ್ತದೆ ಎಂದು 1975ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ತೋರಿಸಿದರು. ಇಂದು ದಂತವೈದ್ಯರು ಕೂರಿಸುವ ಜಿರ್ಕೋನಿಯಾ ಕ್ಯಾಪು ಬಾಯಲ್ಲಿ ಬಾಳುವುದರ ಹಿಂದೆ ಈ ಗುಣವಿದೆ. ಗಾಜಿನವರು ಗಾಜನ್ನೂ ಉಕ್ಕಿನವರು ಉಕ್ಕನ್ನೂ ಮಾತ್ರ ನೋಡಿಕೊಂಡಿದ್ದರೆ ಈ ದಾಟುವಿಕೆ ಕಾಕತಾಳೀಯಕ್ಕೆ ಬಿಟ್ಟ ಮಾತಾಗುತ್ತಿತ್ತು. ಎಲ್ಲ ವಸ್ತುಗಳನ್ನೂ ಒಂದೇ ಕಣ್ಣಿನಿಂದ ನೋಡುವ ಶಾಖೆಯೊಂದು ಇರಬೇಕಾದದ್ದು ಈ ದಾಟುವಿಕೆಯನ್ನು ಅಭ್ಯಾಸವಾಗಿಸಲು.

ಮೂರನೆಯ ಆಕ್ಷೇಪಣೆ ಇತ್ತೀಚಿನದು. ಕಂಪ್ಯೂಟರು ಮತ್ತು ಕೃತಕ ಬುದ್ಧಿಮತ್ತೆ ಹೊಸ ವಸ್ತುಗಳನ್ನು ತಾವೇ ಹುಡುಕಿಕೊಡುತ್ತಿರುವಾಗ ಕುಲುಮೆಯ ಮುಂದೆ ಬೆವರುವ ವಿದ್ಯೆ ಯಾರಿಗೆ ಬೇಕು? 2023ರಲ್ಲಿ ಗೂಗಲ್ ಡೀಪ್‌ಮೈಂಡ್‌ನ ತಂಡ 22 ಲಕ್ಷ ಹೊಸ ಹರಳುರಚನೆಗಳನ್ನು ಊಹಿಸಿ, ಅವುಗಳಲ್ಲಿ ಸುಮಾರು 3.8 ಲಕ್ಷ ಸ್ಥಿರವಾದವು ಎಂದು ಪ್ರಕಟಿಸಿತು. ಮರುವರ್ಷವೇ ವಸ್ತುವಿಜ್ಞಾನಿಗಳಾದ ಆಂಟನಿ ಚೀತಮ್ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿಎಚ್.ಡಿ. ಮಾಡಿದ ರಾಮ್ ಶೇಷಾದ್ರಿ ಆ ಪಟ್ಟಿಯನ್ನು ಪರಿಶೀಲಿಸಿ, ಹೊಸತನ, ನಂಬಲರ್ಹತೆ, ಉಪಯೋಗ ಮೂರೂ ಒಟ್ಟಿಗೆ ಇರುವ ಸಂಯುಕ್ತಗಳಿಗೆ ಅದರಲ್ಲಿ ಪುರಾವೆ ಬಹಳ ಕಡಿಮೆ ಎಂದು ಬರೆದರು. ಈ ಉಪಕರಣಗಳು ಮುಂದೆ ಸುಧಾರಿಸಿಯೇ ಸುಧಾರಿಸುತ್ತವೆ. ಹುಡುಕಾಟದ ದಾರಿಯನ್ನು ಅವು ಮೊಟಕುಗೊಳಿಸುವುದೂ ಖಂಡಿತ. ಆದರೂ ಸಂಯುಕ್ತ ಸಿಕ್ಕ ಮಾತ್ರಕ್ಕೆ ವಸ್ತು ಸಿಕ್ಕಂತಾಗದು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ಒದಗುತ್ತದೆ ಎಂದು ಜಾನ್ ಗುಡ್‌ಇನಫ್ ಅವರ ತಂಡ 1997ರಲ್ಲಿ ತೋರಿಸಿತು. ಅಗ್ಗದ, ಸುರಕ್ಷಿತವಾದ ವಸ್ತು. ಆದರೆ ವಿದ್ಯುತ್ತನ್ನು ಹರಿಯಗೊಡುವುದರಲ್ಲಿ ತೀರ ಸೋಮಾರಿ. ಕಣಗಳನ್ನು ಅತಿ ಸಣ್ಣದಾಗಿಸಿ, ಅವುಗಳಿಗೆ ಇಂಗಾಲದ ತೆಳು ಲೇಪ ಕೊಡುವುದನ್ನು ಕಲಿತ ಮೇಲಷ್ಟೇ ಅದು ಬಸ್ಸು, ಕಾರು, ಸ್ಕೂಟರುಗಳನ್ನು ಓಡಿಸುವ ಮಟ್ಟಕ್ಕೆ ಬಂತು. ಸೂತ್ರ ಅದೇ ಉಳಿಯಿತು, ಹದ ಬದಲಾಯಿತು. ಇಂದು ಆ ಬ್ಯಾಟರಿಯ ಮಾರುಕಟ್ಟೆಯನ್ನು ಆಳುತ್ತಿರುವುದು ಸಂಯುಕ್ತವನ್ನು ಕಂಡುಹಿಡಿದ ಅಮೆರಿಕ ಅಲ್ಲ, ತಯಾರಿಕೆಯನ್ನು ಪಳಗಿಸಿಕೊಂಡ ಚೀನಾ.

ಈ ಬೆಳಕಿನಲ್ಲಿ ನಮ್ಮ ಚರಿತ್ರೆಯನ್ನು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಹದವನ್ನು ಬಲ್ಲವರ ನಾಡು ಇದು. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ಮೂಸೆಯಲ್ಲಿ ಉಕ್ಕು ಮಾಡುವುದನ್ನು ಕಂಡು ವಿವರವಾಗಿ ಬರೆದಿಟ್ಟ. ಮಣ್ಣಿನ ಮೂಸೆಯೊಳಗೆ ಮೆದು ಕಬ್ಬಿಣದ ತುಂಡು, ಜೊತೆಗೆ ಅಳೆದು ಹಾಕಿದ ತಂಗಡಿ ಗಿಡದ ಕಡ್ಡಿ, ಒಂದು ಬಳ್ಳಿಯ ಹಸಿ ಎಲೆ. ಬಾಯಿ ಮೆತ್ತಿ, ಕುಲುಮೆಯಲ್ಲಿ ಜೋಡಿಸಿ, ತಿದಿ ಊದಿ ಕಾಯಿಸುವುದು. ಆ ಕಡ್ಡಿ ಎಲೆಗಳು ಇಂಗಾಲ ಕೊಡುತ್ತಿದ್ದವು. ಹೀಗೆ ದಕ್ಷಿಣ ಭಾರತದಲ್ಲಿ ತಯಾರಾದ ವೂಟ್ಸ್ ಉಕ್ಕಿನಲ್ಲಿ ಸುಮಾರು ಶೇ. 1.5ರಷ್ಟು ಇಂಗಾಲವಿರುತ್ತಿತ್ತು, ಪಶ್ಚಿಮ ಏಷ್ಯಾದ ಹೆಸರುವಾಸಿ ಕತ್ತಿಗಳ ಮೇಲಿನ ನೀರಲೆಯಂಥ ವಿನ್ಯಾಸ ಇದರದೇ. ಇದರ ಗುಟ್ಟನ್ನು ಒಡೆಯಲು ಹೊರಟ ಯುರೋಪಿಯನ್ನರಲ್ಲಿ ಮೈಕೇಲ್ ಫ್ಯಾರಡೆಯೂ ಒಬ್ಬ. 1819ರಲ್ಲಿ ವೂಟ್ಸನ್ನು ವಿಶ್ಲೇಷಿಸಿದ ಅವನಿಗೆ ಅದರಲ್ಲಿ ಅಲ್ಯುಮಿನಾ ಕಂಡಂತಾಗಿ, ಹೆಚ್ಚುಗಾರಿಕೆಗೆ ಅದೇ ಕಾರಣವೆಂದು ಭಾವಿಸಿದ. ಅಷ್ಟು ದೊಡ್ಡ ವಿಜ್ಞಾನಿಯೂ ತಪ್ಪಿದ್ದು, ಉತ್ತರ ಪದಾರ್ಥಪಟ್ಟಿಯಲ್ಲಿ ಇದೆ ಎಂದುಕೊಂಡದ್ದರಿಂದ. ಆ ವಿನ್ಯಾಸ ಹುಟ್ಟುವುದು ಕಾರ್ಬೈಡಿನ ಕಣಗಳು ಸಾಲುಗಟ್ಟುವುದರಿಂದ, ಅದಿರಿನಿಂದ ಬಂದ ವನೇಡಿಯಂನಂಥ ಲವಲೇಶದ ಕಲ್ಮಶವೂ ಮತ್ತೆ ಮತ್ತೆ ಕಾಯಿಸಿ ಬಡಿಯುವ ಕ್ರಮವೂ ಕೂಡಿದರೆ ಮಾತ್ರ ಅದು ಸಾಧ್ಯ ಎಂದು ಜಾನ್ ವರ್‌ಹೋವೆನ್ ಎಂಬ ಲೋಹಶಾಸ್ತ್ರಜ್ಞ ಆಲ್ಫ್ರೆಡ್ ಪೆಂಡ್ರೆ ಎಂಬ ಕಮ್ಮಾರನ ಜೊತೆಗೂಡಿ ತೋರಿಸಿದ್ದು ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ. ನಮ್ಮ ಕಡೆಯಿಂದ ಈ ಪರಂಪರೆಯನ್ನು ಆಳವಾಗಿ ಅಭ್ಯಸಿಸಿದವರು ಬೆಂಗಳೂರಿನ ಶಾರದಾ ಶ್ರೀನಿವಾಸನ್ ಮತ್ತು ಎಸ್. ರಂಗನಾಥನ್. ಬಲ್ಲವರ ಕೈಯಲ್ಲಿದ್ದ ಆ ವಿದ್ಯೆ ಬರಹಕ್ಕೂ ಸಿದ್ಧಾಂತಕ್ಕೂ ಏರದೆ, ಅಗ್ಗದ ಆಮದು ಉಕ್ಕಿನ ಎದುರು ಕುಲುಮೆಗಳೊಂದಿಗೆ ನಂದಿಹೋಯಿತು.

ಆಧುನಿಕ ಕಾಲದಲ್ಲಿ ನಮ್ಮ ತಕ್ಕಡಿ ಇನ್ನೊಂದು ಕಡೆಗೆ ವಾಲಿತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1945ರಲ್ಲಿ ಲೋಹಶಾಸ್ತ್ರ ವಿಭಾಗ ಹುಟ್ಟಿತು. ಇಂದು ಅದರ ಹೆಸರು ಮೆಟೀರಿಯಲ್ಸ್ ಎಂಜಿನಿಯರಿಂಗ್. 1950ರ ದಶಕದಲ್ಲಿ ಅದನ್ನು ನಡೆಸಿದ ಬ್ರಹ್ಮ ಪ್ರಕಾಶ್ ಮುಂದೆ ಪರಮಾಣು ಇಂಧನದ ಲೋಹಗಳನ್ನು ಪಳಗಿಸಿ, ತಿರುವನಂತಪುರದ ವಿಕ್ರಮ್ ಸಾರಾಭಾಯಿ ಬಾಹ್ಯಾಕಾಶ ಕೇಂದ್ರದ ಮೊದಲ ನಿರ್ದೇಶಕರಾದರು. ರಾಕೆಟ್ ಕೇಂದ್ರಕ್ಕೆ ಲೋಹಶಾಸ್ತ್ರಜ್ಞ ಮುಖ್ಯಸ್ಥನಾದದ್ದು ಈ ವಿದ್ಯೆಯ ಸ್ಥಾನವನ್ನು ಬಲ್ಲವರು ಅಂದು ಇದ್ದರು ಎಂಬುದಕ್ಕೆ ಸಾಕ್ಷಿ. ಸಂಶೋಧನೆಯಲ್ಲೂ ಹಿಂದೆ ಬೀಳಲಿಲ್ಲ. 1982ರಲ್ಲಿ ಡಾನ್ ಶೆಕ್ಟ್‌ಮನ್ ಕಂಡ ಅರೆಹರಳುಗಳ (ಕ್ವಾಸಿಕ್ರಿಸ್ಟಲ್) ಸುದ್ದಿ ಪ್ರಕಟವಾದ ಮರುವರ್ಷ, 1985ರಲ್ಲಿ, ಇದೇ ವಿಭಾಗದ ಕೆ. ಚಟ್ಟೋಪಾಧ್ಯಾಯ, ರಂಗನಾಥನ್ ಮತ್ತು ಸಂಗಡಿಗರು ಹತ್ತುಮಡಿ ಸಮ್ಮಿತಿಯ ಹೊಸ ಬಗೆಯೊಂದನ್ನು ವರದಿ ಮಾಡಿದರು. ಒಟ್ಟಿನಲ್ಲಿ ರಚನೆಯನ್ನು ಅರಿಯುವುದರಲ್ಲಿ ನಾವು ಲೋಕದ ಮುಂಚೂಣಿಯಲ್ಲಿದ್ದೆವು. ತಯಾರಿಕೆಯ ಹದವನ್ನು ಕಾರ್ಖಾನೆಯ ಮಟ್ಟದಲ್ಲಿ ಹಿಡಿಯುವುದು ಬೇರೆಯೇ ಕಥೆ.

ಅದನ್ನು ಕಾವೇರಿ ಎಂಜಿನಿನಲ್ಲಿ ನೋಡಬಹುದು. ಬೆಂಗಳೂರಿನ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆ ತೇಜಸ್ ವಿಮಾನಕ್ಕೆಂದು ಕೈಗೊಂಡ ಈ ಯೋಜನೆಗೆ 1989ರಲ್ಲಿ ಮಂಜೂರಾತಿ ಸಿಕ್ಕಿತು. 2008ರಲ್ಲಿ ಅದನ್ನು ತೇಜಸ್‌ನಿಂದ ಬೇರ್ಪಡಿಸಲಾಯಿತು, ವಿಮಾನ ಇಂದಿಗೂ ಅಮೆರಿಕದ ಜಿಇ ಎಂಜಿನಿನಲ್ಲಿ ಹಾರುತ್ತದೆ. ಹಿನ್ನಡೆಗೆ ತೂಕ, ನೂಕುಬಲ, ಪರೀಕ್ಷಾ ಸೌಲಭ್ಯದ ಕೊರತೆ ಎಂದು ಹಲವು ಕಾರಣಗಳಿದ್ದವು. ಅವುಗಳ ನಡುವೆ ಎದ್ದು ಕಾಣುವ ಒಂದು ಟರ್ಬೈನಿನ ಬಿಸಿ ಭಾಗದ ವಸ್ತುಗಳು. ಆಧುನಿಕ ಎಂಜಿನಿನಲ್ಲಿ ಟರ್ಬೈನ್ ಅಲಗನ್ನು ಬಡಿಯುವ ಅನಿಲದ ಬಿಸಿ 1,500 ಡಿಗ್ರಿ ದಾಟುತ್ತದೆ; ಅಲಗಿನ ನಿಕ್ಕಲ್ ಮಿಶ್ರಲೋಹ ಕರಗುವುದು ಅದಕ್ಕಿಂತ ಕೆಳಗೆ. ಒಳಗೆ ಕೊರೆದ ಸಣ್ಣ ಕಾಲುವೆಗಳಲ್ಲಿ ಹರಿಯುವ ಗಾಳಿ ಮತ್ತು ಮೈಮೇಲಿನ ಸೆರಾಮಿಕ್ ಲೇಪ ಅದನ್ನು ಕಾಯುತ್ತವೆ. ಆ ಕಾವಿನಲ್ಲಿ, ಆ ತಿರುಗುವೇಗದಲ್ಲಿ ಲೋಹದ ಕಣಗಳ ನಡುವಿನ ಗಡಿಗಳೇ ದುರ್ಬಲ ಜಾಗ. ಹಾಗಾಗಿ 1960ರ ದಶಕದಲ್ಲಿ ಪ್ರ್ಯಾಟ್ ಅಂಡ್ ವಿಟ್ನಿ ಕಂಪನಿಯ ಫ್ರಾಂಕ್ ವರ್‌ಸ್ನೈಡರ್ ಮತ್ತು ಸಹಚರರು ಗಡಿಯೇ ಇಲ್ಲದಂತೆ ಇಡೀ ಅಲಗನ್ನು ಒಂದೇ ಹರಳಾಗಿ ಎರೆಯುವ ದಾರಿ ಹಿಡಿದರು. ಸೆರಾಮಿಕ್ ತಿರುಳಿನ ಸುತ್ತ ಮೇಣದ ಮಾದರಿ, ಅದರ ಮೇಲೆ ಸೆರಾಮಿಕ್ ಕವಚ, ಮೇಣ ಕರಗಿಸಿ ನಿರ್ವಾತ ಕುಲುಮೆಯಲ್ಲಿ ಲೋಹ ಎರೆಯುವುದು, ತಣ್ಣನೆಯ ತಾಮ್ರದ ತಟ್ಟೆಯ ಮೇಲೆ ಕೂತ ಅಚ್ಚನ್ನು ಕುಲುಮೆಯಿಂದ ಬಹಳ ನಿಧಾನವಾಗಿ ಕೆಳಕ್ಕೆ ಎಳೆಯುವುದು. ಬುಡದಲ್ಲಿ ಹುಟ್ಟುವ ಅನೇಕ ಹರಳುಗಳು ಮೇಲೇರಲು ತಿರುಚಿದ ಒಂದು ಕಿರುದಾರಿಯನ್ನು ಹಾಯಬೇಕು. ಅದನ್ನು ದಾಟಿ ಬರುವುದು ಒಂದೇ ಹರಳು, ಅದೇ ಬೆಳೆದು ಅಲಗನ್ನು ತುಂಬುತ್ತದೆ. ಎಳೆಯುವ ವೇಗ ತುಸು ಹೆಚ್ಚುಕಡಿಮೆಯಾದರೆ, ಕುಲುಮೆಯ ಉಷ್ಣಾಂಶ ತುಸು ಓಲಾಡಿದರೆ, ಅಡ್ಡಹರಳು ಹುಟ್ಟಿ ಅಲಗು ಗುಜರಿಗೆ ಹೋಗುತ್ತದೆ. ಇಂಥ ಅನೇಕ ಮಿಶ್ರಲೋಹಗಳ ಸೂತ್ರ ಪುಸ್ತಕಗಳಲ್ಲಿ ಅಚ್ಚಾಗಿದೆ, ಯಾರು ಬೇಕಾದರೂ ಓದಬಹುದು. ನೂರು ಅಲಗು ಎರೆದರೆ ತೊಂಬತ್ತು ಒಪ್ಪಿಗೆಯಾಗುವಂತೆ ಮಾಡುವ ವಿದ್ಯೆಯನ್ನು ಮಾತ್ರ ಯಾವ ದೇಶವೂ ಸುಲಭಕ್ಕೆ ಹಂಚುವುದಿಲ್ಲ. ಹೈದರಾಬಾದಿನ ರಕ್ಷಣಾ ಲೋಹಶಾಸ್ತ್ರ ಪ್ರಯೋಗಾಲಯ ಇಂಥ ಏಕಹರಳಿನ 60 ಅಲಗುಗಳನ್ನು ಹೆಲಿಕಾಪ್ಟರ್ ಎಂಜಿನಿಗಾಗಿ ಎಚ್‌ಎಎಲ್‌ಗೆ ಒದಗಿಸಿದ್ದು 2021ರಲ್ಲಿ ಸುದ್ದಿಯಾಯಿತು. ಅದು ಸಾಧನೆಯೇ; ಜೊತೆಗೆ, ನಡುವೆ ಎಷ್ಟು ದಶಕಗಳು ಕಳೆದವು ಎಂಬುದಕ್ಕೆ ಲೆಕ್ಕವೂ ಹೌದು.

ಇಲ್ಲಿ ಕೊನೆಯ ಆಕ್ಷೇಪಣೆ ಏಳುತ್ತದೆ, ಅದು ಪೋಷಕರದ್ದು: ಈ ಶಾಖೆ ಓದಿದವರಿಗೆ ಕೆಲಸ ಎಲ್ಲಿದೆ? ಸುರತ್ಕಲ್‌ನ ಎನ್‌ಐಟಿಯಂಥ ಕಡೆ ಮೆಟಲರ್ಜಿಕಲ್ ಅಂಡ್ ಮೆಟೀರಿಯಲ್ಸ್ ಎಂಜಿನಿಯರಿಂಗ್ ಸೇರುವ ಎಷ್ಟೋ ಮಂದಿ ಕೊನೆಗೆ ಹೋಗುವುದು ಸಾಫ್ಟ್‌ವೇರಿಗೇ ಎಂಬ ಮಾತು ಸುಳ್ಳಲ್ಲ. ಆದರೆ ಇದನ್ನು ಶಾಖೆಯ ಅನಗತ್ಯಕ್ಕೆ ಪುರಾವೆ ಎಂದು ಓದುವುದು ತಲೆಕೆಳಗಾದ ತರ್ಕ. ತಯಾರಿಕೆಯನ್ನು ಹೊರಗಿನಿಂದ ಪರವಾನಗಿ ಪಡೆದು ನಡೆಸುವ ಕಾರ್ಖಾನೆಗೆ ವಸ್ತುವಿಜ್ಞಾನಿ ಬೇಕಾಗುವುದಿಲ್ಲ, ಹದವನ್ನು ಬೇರೆಯವರು ಕಾಗದದಲ್ಲಿ ಬರೆದು ಕೊಟ್ಟಿರುತ್ತಾರೆ. ಕೆಲಸ ಇಲ್ಲದಿರುವುದು ನಾವು ಎಂಥ ಕೈಗಾರಿಕೆಯನ್ನು ಆರಿಸಿಕೊಂಡೆವು ಎಂಬುದರ ಫಲ. 2021ರಲ್ಲಿ 76,000 ಕೋಟಿ ರೂಪಾಯಿಗಳ ಸೆಮಿಕಂಡಕ್ಟರ್ ಯೋಜನೆ ಘೋಷಣೆಯಾಯಿತು. ಬ್ಯಾಟರಿ ಕೋಶಗಳನ್ನು ಇಲ್ಲೇ ಮಾಡಬೇಕೆಂಬ ಒತ್ತಾಯವೂ ಇದೆ. ಚಿಪ್ಪಿನ ವಿನ್ಯಾಸದಲ್ಲಿ ಬೆಂಗಳೂರಿಗೆ ಹೇರಳ ಅನುಭವವಿದೆ. ಚಿಪ್ಪಿನ ಕಾರ್ಖಾನೆ ನಿಲ್ಲುವುದೋ ಬೀಳುವುದೋ ಎಂಬುದು ಮಾತ್ರ ನೂರಾರು ಹಂತಗಳ ಸಂಸ್ಕರಣೆಯಲ್ಲಿ ಎಷ್ಟು ಚಿಪ್ಪುಗಳು ದೋಷವಿಲ್ಲದೆ ಹೊರಬರುತ್ತವೆ ಎಂಬುದರ ಮೇಲೆ ನಿಂತಿದೆ.

ಹಾಗಾದರೆ ಈ ವಿದ್ಯೆಯ ಸ್ಥಾನ ಯಾವುದು? ಉಳಿದ ಶಾಖೆಗಳ ಪಕ್ಕದಲ್ಲಿ ಅದಕ್ಕೂ ಒಂದು ವಿಭಾಗ, ಒಂದಿಷ್ಟು ಸೀಟು ಕೊಟ್ಟು ಸುಮ್ಮನಾದರೆ ಸಾಲದು. ಅದನ್ನು ಉಳಿದವುಗಳೊಳಗೆ ಕರಗಿಸಿಬಿಟ್ಟರೂ ಕೆಲಸ ಕೆಡುತ್ತದೆ. ಅದು ಸ್ವತಂತ್ರವಾಗಿದ್ದು, ಎಲ್ಲ ಶಾಖೆಗಳ ವಿನ್ಯಾಸದ ಮೊದಲ ದಿನದಿಂದಲೂ ಮಾತಾಡುವ ಹಕ್ಕು ಪಡೆದಿರಬೇಕು. ನಮ್ಮ ರೂಢಿಯಲ್ಲಿ ವಸ್ತುವಿಜ್ಞಾನಿಯನ್ನು ಕರೆಸುವುದು ಎರಡು ಹೊತ್ತಿನಲ್ಲಿ: ನಕ್ಷೆ ಮುಗಿದ ಮೇಲೆ ವಸ್ತುವಿನ ಹೆಸರು ಬರೆಯಲು ಅಥವಾ ಏನಾದರೂ ಮುರಿದ ಮೇಲೆ ಕಾರಣ ಹುಡುಕಲು. ಎರಡೂ ತಡವೇ. ಮೆಕ್ಯಾನಿಕಲ್, ಸಿವಿಲ್ ವಿದ್ಯಾರ್ಥಿಗಳ ಆ ಒಂದು ಪೇಪರಿನಲ್ಲಿ ಕಬ್ಬಿಣ-ಇಂಗಾಲದ ನಕ್ಷೆಯನ್ನು ಬಾಯಿಪಾಠ ಮಾಡಿಸುವ ಬದಲು, ಒಂದೇ ಉಕ್ಕನ್ನು ಮೂರು ಬಗೆಯಲ್ಲಿ ತಣಿಸಿ ಮುರಿದು ನೋಡಿಸುವುದು ದುಬಾರಿಯ ಕೆಲಸವಲ್ಲ. ಸಂಶೋಧನೆಗೆ ಕೊಡುವ ಹಣದಲ್ಲಿ ಹೊಸ ಸಂಯುಕ್ತಕ್ಕೆ ಸಿಗುವ ಮರ್ಯಾದೆ, ಗೊತ್ತಿರುವ ಸಂಯುಕ್ತವನ್ನು ಟನ್ನುಗಟ್ಟಲೆ ಒಂದೇ ಗುಣದಲ್ಲಿ ತೆಗೆಯುವ ಕೆಲಸಕ್ಕೂ ಸಿಗಬೇಕು. ಅದು ಪ್ರಬಂಧಗಳ ಎಣಿಕೆಯಲ್ಲಿ ಕಾಣಿಸದಿದ್ದರೂ ಸರಿ. ವಿನ್ಯಾಸವನ್ನು ಕೊಳ್ಳಬಹುದು, ಯಂತ್ರವನ್ನು ಕೊಳ್ಳಬಹುದು, ಸೂತ್ರವನ್ನು ಓದಿ ತಿಳಿಯಬಹುದು. ಹದವನ್ನು ಮಾತ್ರ ಅವರವರೇ ಎರೆದು, ಕೆಡಿಸಿ, ಕಾರಣ ಹುಡುಕಿ, ಮತ್ತೆ ಎರೆದು ದಕ್ಕಿಸಿಕೊಳ್ಳಬೇಕು. ಆ ಕೆಡಿಸುವಿಕೆಗೂ ಹುಡುಕಾಟಕ್ಕೂ ಕ್ರಮ ಕಲಿಸುವ ಶಾಖೆ ವಸ್ತುವಿಜ್ಞಾನ. ಅದಕ್ಕೆ ಜಾಗ ಕೊಡದ ದೇಶ ಉಳಿದೆಲ್ಲ ಶಾಖೆಗಳಲ್ಲಿ ಎಷ್ಟೇ ಜಾಣರನ್ನು ಬೆಳೆಸಿದರೂ, ತನ್ನ ವಿಮಾನಕ್ಕೆ ಬೇರೆಯವರ ಎಂಜಿನು ಕೊಳ್ಳುವ ಸ್ಥಿತಿಯಿಂದ ಹೊರಬರುವುದು ಕಷ್ಟ.